ಗೇಮ್ ಕಥೆಯ ಸ್ಪಾಯ್ಲರ್: ಕಾರವಾರದಿಂದ ಶಿರಸಿವರೆಗಿನ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಯಾವ ಆಟದ ಕೊನೆಯೂ ಇಲ್ಲ, ಯಾರು ಸತ್ತರು, ಯಾರು ಕೈಕೊಟ್ಟರು ಎಂಬುದೂ ಇಲ್ಲ. ಆಟದ ಹೆಸರು ಬಂದ ಕಡೆ, ಅಂಗಡಿಯ ಪುಟ ನೋಡಿದರೆ ಅಥವಾ ಶುರುವಿನ ಸ್ವಲ್ಪ ಹೊತ್ತು ಆಡಿದರೆ ತಿಳಿಯುವಷ್ಟನ್ನೇ ಬರೆದಿದ್ದೇವೆ. ಅವಸರದಲ್ಲಿ ಇರುವವರು ವಾಟ್ಸಾಪ್ ಭಾಗಕ್ಕೆ ನೇರ ಇಳಿಯಬಹುದು. ನಮ್ಮ ಕಡೆಯ ಗುಂಪುಗಳಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಅಲ್ಲೇ.

ಸ್ಪಾಯ್ಲರ್ ಅಂದರೆ ಕೊನೆ ಹೇಳಿಬಿಡುವುದು ಮಾತ್ರವೇ?

ಅಲ್ಲ. ಆಡುವವನು ತಾನೇ ಕಂಡುಕೊಳ್ಳಬೇಕಾದದ್ದನ್ನು ಮೊದಲೇ ಹೇಳಿಬಿಡುವುದೆಲ್ಲ ಸ್ಪಾಯ್ಲರೇ. ಸಿನಿಮಾದಲ್ಲಿ ಹಾಳಾಗುವುದು ಕಥೆಯೊಂದೇ. ಗೇಮಿನಲ್ಲಿ ಹಾಳಾಗಬಹುದಾದದ್ದು ನಾಲ್ಕಾರು ಬಗೆಯದ್ದು. ಕಥೆಯ ತಿರುವು ಒಂದು. ಒಗಟಿನ ಉತ್ತರ ಇನ್ನೊಂದು. ಆಟದ ನಿಯಮವೇ ನಡುವೆ ಬದಲಾಗುತ್ತದೆ ಎಂಬ ಗುಟ್ಟು ಮತ್ತೊಂದು: ಹೊಸ ಪಾತ್ರ ಕೈಗೆ ಬರುತ್ತದೆ, ನಕ್ಷೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ, ಬಾಸ್ (ಹಂತದ ದೊಡ್ಡ ಎದುರಾಳಿ) ಸತ್ತ ಮೇಲೆ ಎದ್ದು ನಿಲ್ಲುತ್ತಾನೆ, ಇಂಥವು. ಎಲ್ಲಕ್ಕಿಂತ ಕೆಟ್ಟದ್ದು ಆಯ್ಕೆಯ ಫಲವನ್ನು ಮೊದಲೇ ಹೇಳುವುದು. "ಅಲ್ಲಿ ಅವನನ್ನು ಬಿಟ್ಟುಬಿಡು, ಮುಂದೆ ಉಪಯೋಗಕ್ಕೆ ಬರ್ತಾನೆ" ಅಂದರೆ ಕಥೆ ಹೇಳಿದಂತೆ ಕಾಣುವುದಿಲ್ಲ. ಆದರೆ ಆಟಗಾರ ಮಾಡಬೇಕಿದ್ದ ತೀರ್ಮಾನವನ್ನು ಹೇಳಿದವನೇ ಮಾಡಿಕೊಟ್ಟ ಹಾಗಾಯಿತು. ಕೊನೆ ಗೊತ್ತಿದ್ದೂ ಖುಷಿಯಿಂದ ಆಡಬಹುದಾದ ಆಟಗಳು ಬೇಕಾದಷ್ಟಿವೆ. ತೀರ್ಮಾನ ಕೈತಪ್ಪಿದ ಮೇಲೆ ಉಳಿಯುವುದು ಬಟನ್ ಒತ್ತುವ ಕೆಲಸ ಮಾತ್ರ.

"ಏನೂ ಹೇಳಲ್ಲ, ಒಂದು ದೊಡ್ಡ ಟ್ವಿಸ್ಟ್ ಇದೆ ಅಷ್ಟೇ" ಎಂಬುದೂ ಸ್ಪಾಯ್ಲರೇ. ಆಮೇಲೆ ಆಡುವವನು ಪ್ರತಿ ಪಾತ್ರವನ್ನೂ ಸಂಶಯದಿಂದಲೇ ನೋಡುತ್ತಾನೆ.

ಯಕ್ಷಗಾನದ ಕಥೆ ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೆ ಕೂತು ನೋಡ್ತೇವೆ. ಗೇಮಿಗೆ ಮಾತ್ರ ಎಂಥ ಮಡಿ ಮಾರಾಯ್ರೆ?

ಈ ಪ್ರಶ್ನೆ ಹೊನ್ನಾವರ, ಶಿರಸಿ, ಸಿದ್ದಾಪುರದ ಕಡೆಯಿಂದ ಬಂದೇ ಬರುತ್ತದೆ, ಬರಬೇಕಾದದ್ದೇ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಇದೆ. ಅಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂಬುದು ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಕೂತವರಿಗೆಲ್ಲ ಗೊತ್ತು. ಪ್ರೇಕ್ಷಕ ಬಂದಿರುವುದು ಏನಾಗುತ್ತದೆ ಎಂದು ತಿಳಿಯಲಿಕ್ಕಲ್ಲ, ಈ ಕಲಾವಿದ ಅದನ್ನು ಹೇಗೆ ಮುಟ್ಟಿಸುತ್ತಾನೆ ಎಂದು ನೋಡಲಿಕ್ಕೆ.

ಆದರೆ ಆಟಗಾರ ಕೂತಿರುವುದು ಪ್ರೇಕ್ಷಕನ ಚಾಪೆಯಲ್ಲಲ್ಲ, ತಾಳಮದ್ದಳೆಯ ಅರ್ಥಧಾರಿಯ ಜಾಗದಲ್ಲಿ. ಪ್ರಸಂಗ ಅರ್ಥಧಾರಿಗೂ ಗೊತ್ತು. ಎದುರಿಗೆ ಕೂತವರು ಯಾವ ಮಾತು ಎತ್ತುತ್ತಾರೆ ಎಂಬುದು ಗೊತ್ತಿಲ್ಲ; ಆ ಕ್ಷಣದಲ್ಲಿ ಉತ್ತರ ಹುಟ್ಟಬೇಕು. ಎದುರಾಳಿಯ ವಾದವನ್ನು ಯಾರಾದರೂ ಹಿಂದಿನ ದಿನವೇ ಬರೆದುಕೊಟ್ಟರೆ ಪದ್ಯ ಅದೇ ಇರುತ್ತದೆ, ಕೂಟ ಮಾತ್ರ ಸಪ್ಪೆ. ಹಾಗಾಗಿ ಈ ಹೋಲಿಕೆಯಿಂದ ಬರುವ ಉತ್ತರ ಹೀಗೆ: ನೀವು ಪಕ್ಕದಲ್ಲಿ ಕೂತು ನೋಡುವವರಾದರೆ ಕಥೆ ಗೊತ್ತಿದ್ದರೂ ನಡೆಯುತ್ತದೆ, ಕಂಟ್ರೋಲರ್ ಕೈಯಲ್ಲಿದ್ದರೆ ಲೆಕ್ಕ ಬೇರೆ.

ಮೊದಲೇ ಗೊತ್ತಿದ್ದರೆ ಖುಷಿ ಹೆಚ್ಚು ಅಂತ ಸಂಶೋಧನೆಯಲ್ಲಿ ಬಂದಿದೆಯಂತೆ, ಹೌದೇ?

2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ಹಾಗೆ ಬರೆದರು. ಅವರು ಓದಿಸಿದ್ದು 12 ಸಣ್ಣ ಕಥೆಗಳನ್ನು. ಮೊದಲೇ ಕೊನೆ ತಿಳಿದವರು ಕಥೆಗೆ ತುಸು ಹೆಚ್ಚು ಅಂಕ ಕೊಟ್ಟರು. ಅದನ್ನೇ ಹಿಡಿದು "ಸ್ಪಾಯ್ಲರ್‌ನಿಂದ ನಷ್ಟವಿಲ್ಲ" ಎಂಬ ವಾದ ಇವತ್ತಿಗೂ ಓಡಾಡುತ್ತಿದೆ. ಕೆಲವೇ ವರ್ಷಗಳಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ಅವರ ಅಧ್ಯಯನ ಇದಕ್ಕೆ ಉಲ್ಟಾ ಬಂತು. ಎರಡೂ ಕಡೆ ಜನ ಕಥೆ ಓದಿದವರು, ಆಡಿದವರಲ್ಲ. ಕೆಲವು ಪುಟದ ಕಥೆಯ ಫಲಿತಾಂಶವನ್ನು ಐವತ್ತು ಗಂಟೆಯ ಆಟಕ್ಕೆ ಹಾಗೇ ಹಚ್ಚಲು ಬರುವುದಿಲ್ಲ. ಗುಂಪಿನಲ್ಲಿ ಯಾರಾದರೂ ಇದನ್ನು ತಂದರೆ ಇಷ್ಟು ಹೇಳಿ ಮುಂದೆ ಹೋಗಿ.

ಎಲ್ಲ ಆಟಕ್ಕೂ ಒಂದೇ ಕಟ್ಟುನಿಟ್ಟು ಬೇಕೇ?

ಬೇಡ. ಬಿಜಿಎಂಐ (ಮೊಬೈಲ್‌ನ ಗುಂಡಿನ ಕಾಳಗ), ಕ್ರಿಕೆಟ್, ಕಾರ್ ರೇಸ್: ಕೇಳಲೇಬೇಡಿ, ಎಲ್ಲ ಹೇಳಬಹುದು.

ತೀರಾ ಜಾಗ್ರತೆ ಬೇಕಾದದ್ದು ತಿಳಿವಳಿಕೆಯೇ ಬಂಡವಾಳವಾಗಿರುವ ಆಟಗಳಿಗೆ. 2019ರ ಔಟರ್ ವೈಲ್ಡ್ಸ್‌ನಲ್ಲಿ ಮುಂದೆ ಹೋಗಲು ಹೊಸ ಆಯುಧವಾಗಲಿ ಲೆವೆಲ್ ಆಗಲಿ ಬೇಕಿಲ್ಲ, ನಿಮಗೆ ಏನು ಗೊತ್ತಾಗಿದೆ ಎಂಬುದೊಂದೇ ಲೆಕ್ಕ. ಒಂದು ಸಾಲು ತಪ್ಪಿ ಓದಿದರೆ ಹತ್ತು ಗಂಟೆಯ ಆಟ ಹೋಯಿತು, ಅದು ಮರಳಿ ಬರುವುದಿಲ್ಲ. 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ ಹಡಗಿನ 60 ಜನರ ಗತಿ ಏನಾಯಿತೆಂದು ಪುಸ್ತಕದಲ್ಲಿ ತುಂಬಬೇಕು. ಮೂರು ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ. ಯಾರೋ ಒಬ್ಬನ ಉತ್ತರ ಹೇಳಿಕೊಟ್ಟರೂ ಉಳಿದಿಬ್ಬರನ್ನು ಊಹೆ ಮೇಲೆ ಹೊಡೆದು ದಾಟಿಬಿಡಬಹುದು. ಅಲ್ಲಿಗೆ ಆಟದ ತಿರುಳೇ ಹೋಯಿತು.

ಆಯ್ಕೆಯ ಮೇಲೆ ಕವಲೊಡೆಯುವ ಆಟಗಳು ಎರಡನೆಯವು. 2018ರ ಡೆಟ್ರಾಯ್ಟ್: ಬಿಕಮ್ ಹ್ಯೂಮನ್ ಪ್ರತಿ ಅಧ್ಯಾಯದ ಕೊನೆಗೆ ಕವಲುಗಳ ನಕ್ಷೆಯನ್ನು ತಾನೇ ತೋರಿಸುತ್ತದೆ, ನೀವು ಹೋಗದ ದಾರಿಗೆ ಬೀಗದ ಗುರುತಿರುತ್ತದೆ. ಆ ನಕ್ಷೆಯ ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ನಿಮಗೆ ತೆರೆದ ಕವಲು ಬೇರೆಯವರಿಗೆ ಇನ್ನೂ ಬೀಗದಲ್ಲೇ ಇರುತ್ತದೆ.

ನೇರ ಕಥೆ ಹೇಳುವ ರೆಡ್ ಡೆಡ್ ರಿಡೆಂಪ್ಶನ್ 2, ದಿ ಲಾಸ್ಟ್ ಆಫ್ ಅಸ್ ಮುಂತಾದವುಗಳಲ್ಲಿ ತಿರುವು ಗೊತ್ತಾದರೆ ಏಟು ಬೀಳುತ್ತದೆ, ಆದರೆ ಆಟ ಸಾಯುವುದಿಲ್ಲ. ಎಲ್ಡನ್ ರಿಂಗ್ ಜಾತಿಯವುಗಳಲ್ಲಿ ಕಥೆ ವಸ್ತುಗಳ ವಿವರಣೆಯಲ್ಲಿ ಹರಿದು ಹಂಚಿರುವುದರಿಂದ, ಹೇಳಿದರೂ ಅರ್ಧ ಜನಕ್ಕೆ ಸ್ಪಾಯ್ಲರ್ ಎಂದೇ ತಿಳಿಯುವುದಿಲ್ಲ. ಅಲ್ಲಿ ಬಚ್ಚಿಡಬೇಕಾದದ್ದು ಬಾಸ್‌ನ ಎರಡನೇ ಹಂತ ಮತ್ತು ಗುಪ್ತ ಜಾಗಗಳು.

ನನಗೆ ಕಥೆ ಪೂರ್ತಿ ತಿಳಿದುಕೊಂಡೇ ಆಡಬೇಕು. ಇದರಲ್ಲಿ ತಪ್ಪಿದೆಯೇ?

ಇಲ್ಲ. ಹೆದರಿಕೆಯ ದೃಶ್ಯ ಬರುವ ಮೊದಲು ತಯಾರಾಗಬೇಕು ಅನ್ನುವವರು, ನಾಯಿ ಸಾಯುವುದನ್ನು ನೋಡಲಾರದವರು, ವಾರಕ್ಕೆ ಮೂರು ಗಂಟೆ ಮಾತ್ರ ಸಿಗುವವರು, ಎಲ್ಲರಿಗೂ ಅವರವರ ಕಾರಣ ಇದೆ. ಡಸ್ ದಿ ಡಾಗ್ ಡೈ ಎಂಬ ಜಾಲತಾಣ ಇಂಥವರಿಗಾಗಿಯೇ ಇದೆ. ಪೂರ್ತಿ ಕಥೆ ಓದದೆ "ಈ ಒಂದು ಸಂಗತಿ ಇದೆಯೇ" ಎಂದಷ್ಟೇ ನೋಡಬಹುದು, ಗೇಮ್‌ಗಳೂ ಅದರಲ್ಲಿವೆ. ಜೇಡ ಕಂಡರಾಗದವರಿಗೆ ಗ್ರೌಂಡೆಡ್ ಆಟದ ಸೆಟ್ಟಿಂಗ್‌ನಲ್ಲೇ ಜೇಡವನ್ನು ಬರೇ ಉಂಡೆಯಾಗಿಸುವ ವ್ಯವಸ್ಥೆ ಕೊಟ್ಟಿದ್ದಾರೆ.

ನಿಮಗೆ ಬೇಕೆಂದು ಎಲ್ಲರಿಗೂ ಬೇಕು ಎಂದುಕೊಳ್ಳಬೇಡಿ, ಅಷ್ಟೇ. ಕೇಳಿಸಿಕೊಳ್ಳುವವನು ಎಷ್ಟು ಬೇಕೆಂದು ಹೇಳಬೇಕು. ಹೇಳುವವನಿಗೆ ಆ ಅಧಿಕಾರ ಇಲ್ಲ.

ಬಿಡುಗಡೆಗೆ ಮೊದಲೇ ಕಥೆ ಹೊರಬರುವುದು ಹೇಗೆ?

ಮೂರು ದಾರಿ. ಒಂದು, ಕಂಪನಿಯ ಕಂಪ್ಯೂಟರಿಗೆ ಹೊರಗಿನವರು ಕನ್ನ ಹಾಕುವುದು: ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದದ್ದು 2020ರ ಜೂನ್ 19ಕ್ಕೆ, ಅದರ ಕಥೆಯ ದೃಶ್ಯಗಳು ಏಪ್ರಿಲ್‌ನಲ್ಲೇ ಜಾಲದಲ್ಲಿದ್ದವು. ಜಿಟಿಎ 6ರ ಅರೆಬೆಂದ ವೀಡಿಯೊಗಳು 2022ರ ಸೆಪ್ಟೆಂಬರ್‌ನಲ್ಲೇ ಹೊರಬಿದ್ದವು. ಎರಡು, ಡಿಸ್ಕ್ ಕೆಲವು ಅಂಗಡಿಗಳಲ್ಲಿ ತಾರೀಕಿಗೆ ಮೊದಲೇ ಕೈಬದಲಾಗುವುದು. ಮೂರು, ಗಡಿಯಾರ.

ಈ ಗಡಿಯಾರದ ವಿಷಯವನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ. ಪ್ಲೇಸ್ಟೇಷನ್ 5 (ಪಿಎಸ್5), ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್‌ಗಳ ಆಟಗಳು ಸಾಮಾನ್ಯವಾಗಿ ಆಯಾ ದೇಶದ ನಡುರಾತ್ರಿಗೆ ತೆರೆಯುತ್ತವೆ. ನ್ಯೂಜಿಲೆಂಡಿನ ನಡುರಾತ್ರಿ ಎಂದರೆ ನಮಗೆ ಹಿಂದಿನ ದಿನದ ಸಂಜೆ 4.30 ಅಥವಾ 5.30, ಅಲ್ಲಿಯ ಬೇಸಿಗೆ ಸಮಯದ ಮೇಲೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10ಕ್ಕೆ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ತೆರೆದರೆ ಇಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ನೀವು ರಾತ್ರಿ ಊಟ ಮುಗಿಸಿ ಡೌನ್‌ಲೋಡ್‌ಗೆ ಹಾಕುವ ಹೊತ್ತಿಗೆ ಕೆಲವರು ಐದಾರು ಗಂಟೆ ಆಡಿ ಮುಗಿಸಿರುತ್ತಾರೆ. ಕೆಳಗೆ ಹೇಳಿರುವ ಮ್ಯೂಟ್ ಕೆಲಸಗಳನ್ನು (ಬೇಡದ ಪದವಿರುವ ಪೋಸ್ಟ್ ಕಾಣದಂತೆ ಮಾಡುವುದು) ಬಿಡುಗಡೆಯ ದಿನ ಮಾಡಿದರೆ ತಡವಾಯಿತು. ಒಂದು ವಾರ ಮೊದಲೇ ಮುಗಿಸಿ.

ಆಡಿ ಮುಗಿಸಿದವರು ಎಷ್ಟು ದಿನ ಬಾಯಿ ಬಿಡಬಾರದು?

ಬೆಂಗಳೂರಿನ ಗುಂಪುಗಳಲ್ಲಿ ಎರಡು ವಾರ ಎಂಬ ಲೆಕ್ಕ ಕೇಳಿಬರುತ್ತದೆ. ನಮ್ಮ ಜಿಲ್ಲೆಗೆ ಅದು ಹೊಂದುವುದಿಲ್ಲ, ಕಾರಣ ಡೌನ್‌ಲೋಡ್. 100 ಜಿಬಿಯ ಆಟ 40 ಎಂಬಿಪಿಎಸ್ ಫೈಬರ್‌ನಲ್ಲಿ ತಡೆಯಿಲ್ಲದೆ ಇಳಿದರೆ ಐದೂವರೆ ಗಂಟೆ. 10 ಎಂಬಿಪಿಎಸ್ ಆದರೆ 22 ಗಂಟೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ ಇಳಿಸುವವನಿಗೆ 50 ದಿನ, ಅದೂ ಬೇರೇನೂ ನೋಡದಿದ್ದರೆ. ಘಟ್ಟದ ಮೇಲಿನ ಒಳ ಹಳ್ಳಿಗಳಲ್ಲಿ ಮಳೆಗಾಲಕ್ಕೆ ನೆಟ್ ಮತ್ತು ಕರೆಂಟ್ ಎರಡರ ಮೇಲೂ ಭರವಸೆ ಇಡಲಾಗದು. ಅಕ್ಟೋಬರ್, ನವೆಂಬರ್‌ನಲ್ಲಿ ದೊಡ್ಡ ಆಟಗಳು ಬರುವ ಹೊತ್ತಿಗೆ ಅಡಿಕೆ ಕೊಯ್ಲು ಹತ್ತಿರ ಬಂದಿರುತ್ತದೆ. ತೋಟ ಇದ್ದ ಮನೆಯ ಹುಡುಗರಿಗೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ಪುರುಸೊತ್ತಿಲ್ಲ. ಬೋಟಿಗೆ ಹೋಗುವವರದು ಇದಕ್ಕೆ ಉಲ್ಟಾ: ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳೇ ಅವರಿಗೆ ಆಟದ ಕಾಲ. ಇನ್ನು ದುಡ್ಡಿನ ಕಾರಣಕ್ಕೆ ಸ್ಟೀಮ್ ಸೇಲ್‌ವರೆಗೆ ಕಾಯುವವರೇ ಬಹಳ.

ಹಾಗಾಗಿ ದಿನಗಳ ಬದಲು ಆಟದ ಉದ್ದದಿಂದ ಲೆಕ್ಕ ಹಾಕಿ. ಮುಖ್ಯ ಕಥೆ ಎಷ್ಟು ಗಂಟೆಯೋ ಅಷ್ಟು ದಿನ, ಅದರ ಮೇಲೆ ಎರಡು ವಾರ. 10 ಗಂಟೆಯ ಆಟಕ್ಕೆ ಸುಮಾರು 24 ದಿನ. ರೆಡ್ ಡೆಡ್ 2ರ ಮುಖ್ಯ ಕಥೆಗೆ ಸುಮಾರು 50 ಗಂಟೆ ಬೇಕು, ಅದಕ್ಕೆ ಎರಡು ತಿಂಗಳು. ಅದಾದ ಮೇಲೂ ತೆರೆದ ಗುಂಪಿನಲ್ಲಿ ಕೊನೆಯನ್ನು ಮುಚ್ಚಿಯೇ ಬರೆಯಿರಿ. ಹಳೆಯ ಆಟ ಎಂಬುದು ನೆಪವಲ್ಲ. 2018ರ ಆಟವನ್ನು ಇವತ್ತು ಮೊದಲ ಸಲ ಹಾಕುವವನಿಗೆ ಅದು ಇವತ್ತಿನದೇ.

ವಾಟ್ಸಾಪ್ ಗುಂಪಿನಲ್ಲಿ ಸ್ಪಾಯ್ಲರ್ ಮುಚ್ಚುವುದು ಹೇಗೆ?

ಟೆಲಿಗ್ರಾಂ, ಡಿಸ್ಕಾರ್ಡ್‌ನಲ್ಲಿರುವಂತೆ ಬರಹವನ್ನು ಮಸುಕು ಮಾಡುವ ಗುರುತು ವಾಟ್ಸಾಪ್‌ನಲ್ಲಿ ನಮ್ಮವರು ಬಳಸುವ ಹಾಗೆ ಸಿಗುವುದಿಲ್ಲ. ಇದ್ದುದರಲ್ಲಿ ಕೆಲಸ ಮಾಡುವ ವಿಧಾನ ಹೀಗಿದೆ.

ಮೊದಲ ಸಾಲಿನಲ್ಲಿ ಆಟದ ಹೆಸರು ಮತ್ತು ಎಲ್ಲಿವರೆಗಿನ ವಿಷಯ ಎಂಬುದು ಮಾತ್ರ ಇರಲಿ: "ಸ್ಪಾಯ್ಲರ್, ರೆಡ್ ಡೆಡ್ 2, ಅಧ್ಯಾಯ 3ರವರೆಗೆ". ಅದರ ಕೆಳಗೆ ಒಂದೊಂದು ಸಾಲಿಗೆ ಒಂದು ಚುಕ್ಕಿ ಇಟ್ಟು ಒಂದು ಪರದೆಯಷ್ಟು ಇಳಿಯಿರಿ. ಸಂದೇಶ ಉದ್ದವಾದರೆ ವಾಟ್ಸಾಪ್ ತಾನೇ ಮಡಚಿ "ಇನ್ನಷ್ಟು ಓದಿ" ಎಂದು ತೋರಿಸುತ್ತದೆ. ಮಡಚಿಕೊಂಡಿದೆಯೇ ಎಂದು ಮೊದಲು ನಿಮಗೇ ನೀವು ಕಳಿಸಿ ನೋಡಿ, ಫೋನಿನ ಅಕ್ಷರದ ಗಾತ್ರದ ಮೇಲೆ ವ್ಯತ್ಯಾಸ ಆಗುತ್ತದೆ.

ಕೆಡುವುದು ಎಲ್ಲಿ ಎಂದರೆ, ಮೊದಲ ಸಾಲಿನಲ್ಲೇ ಪಾತ್ರದ ಹೆಸರು ಬರೆದರೆ. ನೋಟಿಫಿಕೇಶನ್, ಚಾಟ್ ಪಟ್ಟಿ, ಉತ್ತರಿಸಿದಾಗ ಮೇಲೆ ಕಾಣುವ ಉಲ್ಲೇಖ, ಮೂರರಲ್ಲೂ ಕಾಣುವುದು ಸಂದೇಶದ ತಲೆಭಾಗವೇ. ಎರಡನೆಯ ತಪ್ಪು ಉತ್ತರ ಕೊಡುವವರದ್ದು. ಮುಚ್ಚಿ ಬರೆದ ಸಂದೇಶಕ್ಕೆ "ಹೌದಾ, ಅವನೂ ಸತ್ನಾ?" ಎಂದು ಬಿಚ್ಚಿ ಉತ್ತರಿಸಿದರೆ ಮೇಲಿನವನ ಶ್ರಮ ನೀರಲ್ಲಿ ಹೋಮ. ಸ್ಪಾಯ್ಲರ್‌ಗೆ ಉತ್ತರವೂ ಸ್ಪಾಯ್ಲರ್ ರೂಪದಲ್ಲೇ ಇರಬೇಕು.

ಚಿತ್ರವನ್ನು "ಒಮ್ಮೆ ಮಾತ್ರ ನೋಡಿ" ಆಯ್ಕೆಯಲ್ಲಿ ಕಳಿಸಿದರೆ ತೆರೆಯುವ ತನಕ ಕಾಣುವುದಿಲ್ಲ. ಧ್ವನಿ ಸಂದೇಶ ಒಳ್ಳೆಯ ಉಪಾಯ, ಆದರೆ ಸಾಲಾಗಿ ಬಂದ ಧ್ವನಿ ಸಂದೇಶಗಳು ಒಂದರ ಹಿಂದೆ ಒಂದು ತಾವೇ ಓಡುತ್ತವೆ. ಬೇರೆ ವಿಷಯದ ವಾಯ್ಸ್ ಹಿಂದೆಯೇ ನಿಮ್ಮದನ್ನು ಇಡಬೇಡಿ. ನಡುವೆ ಒಂದು ಬರಹದ ಸಂದೇಶ ಹಾಕಿ. ಗುಂಪಿನಲ್ಲಿ ಜನ ಹೆಚ್ಚಿದ್ದರೆ ಇದೆಲ್ಲ ಸರ್ಕಸ್ ಬಿಟ್ಟು, ಆ ಆಟ ಮುಗಿಸಿದವರದ್ದೇ ಬೇರೆ ಗುಂಪು ಮಾಡುವುದು ಸುಲಭ. ಗುಂಪಿನ ಹೆಸರಿನಲ್ಲೂ ಚಿತ್ರದಲ್ಲೂ ಸ್ಪಾಯ್ಲರ್ ಬೇಡ.

ಟೆಲಿಗ್ರಾಂ, ಡಿಸ್ಕಾರ್ಡ್, ರೆಡಿಟ್‌ನಲ್ಲಿ?

ಟೆಲಿಗ್ರಾಂ, ಡಿಸ್ಕಾರ್ಡ್ ಎರಡರಲ್ಲೂ ಬರಹದ ಆಚೀಚೆ ಎರಡೆರಡು ನೆಟ್ಟಗೆರೆ: ||ಹೀಗೆ||. ರೆಡಿಟ್‌ನಲ್ಲಿ >!ಹೀಗೆ!<, ಗುರುತಿನ ಒಳಗಡೆ ಶುರುವಿಗೆ ಖಾಲಿ ಜಾಗ ಬಿಡಬೇಡಿ, ಕೆಲವು ಕಡೆ ಮುಚ್ಚದೆ ಹಾಗೇ ಕಾಣುತ್ತದೆ. ಮುಚ್ಚಿದ ಬರಹದ ಹೊರಗೆ ಆಟದ ಹೆಸರು ಇರಲೇಬೇಕು. ಬರೇ ಕಪ್ಪು ಪಟ್ಟಿ ಕಂಡರೆ ಕುತೂಹಲಕ್ಕೆ ಒತ್ತದವರು ಯಾರು?

ಯೂಟ್ಯೂಬ್, ಇನ್‌ಸ್ಟಾ, ಎಕ್ಸ್ ತಾವಾಗಿಯೇ ತೋರಿಸುತ್ತವಲ್ಲ?

ಯೂಟ್ಯೂಬ್‌ನಲ್ಲಿ ಮೊದಲು ಮಾಡಬೇಕಾದದ್ದು ಆ ಆಟದ ಬಗ್ಗೆ ನೋಡಿದ ಟ್ರೈಲರ್, ವಿಮರ್ಶೆ ಎಲ್ಲವನ್ನೂ ವೀಕ್ಷಣೆಯ ಇತಿಹಾಸದಿಂದ ಮತ್ತು ಹುಡುಕಾಟದ ಇತಿಹಾಸದಿಂದ ಅಳಿಸುವುದು. ಶಿಫಾರಸು ಹುಟ್ಟುವುದು ಅಲ್ಲಿಂದ. ಆಮೇಲೂ ಬಂದರೆ ಮೂರು ಚುಕ್ಕಿ ಒತ್ತಿ, "ಆಸಕ್ತಿ ಇಲ್ಲ" ಎನ್ನುವುದಕ್ಕಿಂತ "ಈ ಚಾನೆಲ್ ಶಿಫಾರಸು ಮಾಡಬೇಡಿ" ಎಂಬುದನ್ನು ಆರಿಸಿ. ಥಂಬ್‌ನೇಲ್‌ನಲ್ಲೇ ಸಮಾಧಿ ತೋರಿಸುವ ಚಾನೆಲ್ ನಾಳೆಯೂ ಅದನ್ನೇ ಮಾಡುತ್ತದೆ.

ಎಕ್ಸ್‌ನಲ್ಲಿ ಗೌಪ್ಯತೆಯ ಸೆಟ್ಟಿಂಗ್ ಒಳಗೆ ಮ್ಯೂಟ್ ಪದಗಳ ಪಟ್ಟಿ ಇದೆ. 24 ಗಂಟೆ, 7 ದಿನ, 30 ದಿನ, ಶಾಶ್ವತ ಎಂಬ ಅವಧಿ ಆರಿಸಬಹುದು. ಇನ್‌ಸ್ಟಾದಲ್ಲೂ ಬೇಡದ ಪದಗಳನ್ನು ಸೇರಿಸುವ ಜಾಗ ಇದೆ. ಇಲ್ಲಿ ಕನ್ನಡಿಗರಿಗೆ ವಿಶೇಷ ತೊಡಕೊಂದುಂಟು. "ಸಾಯ್ತಾನೆ" ಎಂಬುದನ್ನು ಮ್ಯೂಟ್ ಮಾಡಿದರೆ "ಸತ್ತ", "ಸತ್ನಲಾ", "ಹೊಗೆ" ಎಲ್ಲ ಜಾರಿಕೊಂಡು ಬರುತ್ತವೆ. ಕ್ರಿಯಾಪದದ ಹಿಂದೆ ಬೀಳಬೇಡಿ, ಹೆಸರು ಹಾಕಿ: ಆಟದ ಹೆಸರು, ಅದರ ಗಿಡ್ಡ ಹೆಸರು, ಮುಖ್ಯ ಮೂರ್ನಾಲ್ಕು ಪಾತ್ರಗಳ ಹೆಸರು. ಇಂಗ್ಲಿಷ್ ಲಿಪಿಯಲ್ಲೊಮ್ಮೆ, ಕನ್ನಡ ಲಿಪಿಯಲ್ಲೊಮ್ಮೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡು ಬರುವುದರಿಂದ -ನ, -ಗೆ ಸೇರಿದ ರೂಪಗಳನ್ನೂ ಹಾಕಿ. ಆದರೆ ಚಿತ್ರದ ಮೇಲೆ ಬರೆದ ಮೀಮ್‌ಗಳಿಗೆ ಈ ಪಟ್ಟಿ ತಾಗುತ್ತದೆಂದು ನಂಬಬೇಡಿ. ಅವುಗಳಿಗೆ ಒಂದೇ ಮದ್ದು: ಮೊದಲ ವಾರ ರೀಲ್ಸ್ ನೋಡದಿರುವುದು.

ಗೂಗಲ್‌ನಲ್ಲಿ ಪಾತ್ರದ ಹೆಸರನ್ನು ಹುಡುಕುವುದಂತೂ ಬೇಡವೇ ಬೇಡ. ಹೆಸರು ಬರೆದು ಮುಗಿಸುವ ಮೊದಲೇ ಕೆಳಗೆ ಸಾವಿನ ಪ್ರಶ್ನೆಯನ್ನು ಅದೇ ತುಂಬಿಕೊಡುತ್ತದೆ. ಅಭಿಮಾನಿಗಳ ವಿಕಿಯಲ್ಲಿ ಪಾತ್ರದ ಪುಟ ತೆರೆದರೆ ಬಲಬದಿಯ ಚೌಕದಲ್ಲೇ "ಸ್ಥಿತಿ: ಮೃತ" ಎಂದಿರುತ್ತದೆ.

ಸ್ಟೀಮ್, ಪಿಎಸ್5 ಒಳಗೇ ಸ್ಪಾಯ್ಲರ್ ಸಿಗುತ್ತದಂತೆ?

ಸಿಗುತ್ತದೆ, ಜನ ಗಮನಿಸುವುದಿಲ್ಲ. ಸ್ಟೀಮ್ ಲೈಬ್ರರಿಯಲ್ಲಿ ಆಟದ ಪುಟವನ್ನು ಕೆಳಗೆ ಸರಿಸಿದರೆ ಬೇರೆ ಆಟಗಾರರ ಸ್ಕ್ರೀನ್‌ಶಾಟ್‌ಗಳ ಸಾಲು. ಸೆಟ್ಟಿಂಗ್ಸ್‌ನ ಲೈಬ್ರರಿ ವಿಭಾಗಕ್ಕೆ ಹೋಗಿ ಸಮುದಾಯದ ವಿಷಯವನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಹಾಕಿ. ಅಚೀವ್‌ಮೆಂಟ್ (ಆಟದಲ್ಲಿ ಸಾಧಿಸಿದ್ದಕ್ಕೆ ಸಿಗುವ ಬಿರುದು) ಪಟ್ಟಿಯಲ್ಲಿ ಮರೆಮಾಡಿದವನ್ನು ಸ್ಟೀಮ್ ಮುಚ್ಚಿಡುತ್ತದೆ, ಆದರೆ ಯಾವುದನ್ನು ಮರೆಮಾಡಬೇಕು ಎಂಬುದು ಆಟ ಮಾಡಿದವರಿಗೆ ಬಿಟ್ಟದ್ದು. ಅಧ್ಯಾಯದ ಹೆಸರನ್ನೇ ಅಚೀವ್‌ಮೆಂಟ್‌ಗೆ ಇಟ್ಟು ಬಿಚ್ಚಿಟ್ಟವರೂ ಇದ್ದಾರೆ. ಮೊದಲ ಸಲ ಆಡುವಾಗ ಆ ಪಟ್ಟಿಯ ಕಡೆ ಹೋಗಬೇಡಿ.

ಪಿಎಸ್5ರಲ್ಲಿ ಸೇವ್ ಡೇಟಾ ಮತ್ತು ಆಟದ ಸೆಟ್ಟಿಂಗ್ಸ್ ಒಳಗೆ ಸ್ಪಾಯ್ಲರ್ ಎಚ್ಚರಿಕೆ ಎಂಬ ಆಯ್ಕೆ ಇದೆ. ಆಟ ಮಾಡಿದವರು ಗುರುತಿಸಿದ್ದಕ್ಕೆ ಮಾತ್ರ ಎಚ್ಚರಿಸಬೇಕೇ, ನೀವು ಇನ್ನೂ ನೋಡದ ಎಲ್ಲದಕ್ಕೂ ಎಚ್ಚರಿಸಬೇಕೇ ಎಂದು ಕೇಳುತ್ತದೆ, ಎರಡನೆಯದನ್ನು ಇಡಿ. ಹಿಡನ್ ಟ್ರೋಫಿಯನ್ನು (ಅಲ್ಲಿಯ ಮರೆಮಾಡಿದ ಬಿರುದು) ನೀವೇ ಬಿಚ್ಚದಿದ್ದರೆ ವಿವರ ಕಾಣುವುದಿಲ್ಲ.

ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಕಥೆ ತಿಳಿಯದಂತೆ ಗೈಡ್ ನೋಡುವುದು ಹೇಗೆ?

ಈ ತಾಪತ್ರಯ ಹಳೆಯದು. 1980ರ ದಶಕದಲ್ಲಿ ಇನ್ಫೊಕಾಮ್ ಕಂಪನಿ ಕಾಣದ ಶಾಯಿಯಲ್ಲಿ ಮುದ್ರಿಸಿದ ಸುಳಿವಿನ ಪುಸ್ತಕ ಮಾರುತ್ತಿತ್ತು. ಜೊತೆಗೆ ಕೊಟ್ಟ ಪೆನ್ನು ಉಜ್ಜಿದ ಸಾಲಷ್ಟೇ ಮೂಡುತ್ತಿತ್ತು. ಈಗಲೂ ಅದೇ ಕ್ರಮ ಸರಿ: ಒಂದೊಂದೇ ಸುಳಿವು.

ವೀಡಿಯೊಗಿಂತ ಬರಹದ ಗೈಡ್ ಹುಡುಕಿ. ಪುಟ ತೆರೆದ ಕೂಡಲೇ ಮೇಲಿಂದ ಓದಬೇಡಿ. ಕಂಟ್ರೋಲ್ ಎಫ್ ಒತ್ತಿ ನೀವು ನಿಂತ ಜಾಗದ ಹೆಸರನ್ನೋ ಕೈಯಲ್ಲಿರುವ ವಸ್ತುವಿನ ಹೆಸರನ್ನೋ ಹುಡುಕಿ. ಎಡಬದಿಯ ಅಧ್ಯಾಯ ಪಟ್ಟಿಯೇ ಸ್ಪಾಯ್ಲರ್ ಆಗಿರುತ್ತದೆ, ಮೊಬೈಲ್‌ನಲ್ಲಿ ತೆರೆದರೆ ಅದು ಹೆಚ್ಚಾಗಿ ಮಡಚಿಕೊಂಡಿರುತ್ತದೆ. ವೀಡಿಯೊನೇ ಬೇಕಾದರೆ ಇನ್‌ಕಾಗ್ನಿಟೊದಲ್ಲಿ ತೆರೆಯಿರಿ, ಆಟೊಪ್ಲೇ ಬಂದ್ ಮಾಡಿ, ಕಾಮೆಂಟ್‌ಗೆ ಇಳಿಯಬೇಡಿ, ಕೆಳಗಿನ ಗೆರೆಯ ಮೇಲೆ ಬೆರಳು ಎಳೆಯಬೇಡಿ. ಎಳೆದರೆ ಮುಂದಿನ ದೃಶ್ಯಗಳ ಚಿಕ್ಕ ಚಿತ್ರ, ಭಾಗಗಳ ಹೆಸರು ಎರಡೂ ಕಾಣುತ್ತವೆ. ಬಾಣದ ಕೀಲಿಯಿಂದ ಐದೈದು ಸೆಕೆಂಡು ಸರಿಸಿ.

ಇದಕ್ಕಿಂತ ಒಳ್ಳೆಯದು ಆಡಿ ಮುಗಿಸಿದ ಗೆಳೆಯನನ್ನು ಕೇಳುವುದು, ಆದರೆ ಕೇಳುವ ರೀತಿ ಇದೆ. "ಇಲ್ಲಿ ಎಂಥ ಮಾಡೂದು?" ಎಂದರೆ ಅವನು ಎಲ್ಲ ಸುರಿದುಬಿಡುತ್ತಾನೆ. "ನನಗೆ ಬೇಕಾದ್ದು ಇದೇ ಕೋಣೆಯಲ್ಲಿ ಇದೆಯೋ, ಬೇರೆ ಕಡೆ ಹೋಗಬೇಕೋ?" ಎಂದು ಕೇಳಿ. ಹೌದು ಅಲ್ಲ ಎಂಬ ಉತ್ತರ ಸಾಕಾಗುವ ಪ್ರಶ್ನೆ.

ದೃಶ್ಯದ ನಡುವೆ ಕರೆಂಟ್ ಹೋಯಿತು. ಬಿಟ್ಟುಹೋದದ್ದನ್ನು ಯೂಟ್ಯೂಬ್‌ನಲ್ಲಿ ನೋಡಲೇ?

ಬೇಡ. ಕಟ್‌ಸೀನ್ (ಆಟದ ನಡುವೆ ತಾನೇ ಓಡುವ ಕಥೆಯ ದೃಶ್ಯ) ಸಂಗ್ರಹದ ವೀಡಿಯೊಗಳಲ್ಲಿ ನಿಮ್ಮ ದೃಶ್ಯದ ಹಿಂದೆಯೇ ಮುಂದಿನದು ಅಂಟಿಕೊಂಡಿರುತ್ತದೆ. ಆಟ ಮತ್ತೆ ತೆರೆದಾಗ ದೃಶ್ಯದ ಮೊದಲಿನ ಸೇವ್‌ಗೆ ಹೋದರೆ ಸರಿಯೇ ಸರಿ. ದೃಶ್ಯ ದಾಟಿದ ಮೇಲಿನ ಸೇವ್ ಸಿಕ್ಕರೆ ಹಿಂದಿನ ಸೇವ್ ತೆರೆದು ಅಷ್ಟು ಭಾಗ ಇನ್ನೊಮ್ಮೆ ಆಡಿ. ಇದಕ್ಕಾಗಿಯೇ, ಕೈಯಾರೆ ಸೇವ್ ಮಾಡಲು ಬಿಡುವ ಆಟಗಳಲ್ಲಿ ಪ್ರತಿ ಮಿಶನ್ ಹತ್ತುವ ಮೊದಲು ಬೇರೆ ಸ್ಲಾಟ್‌ನಲ್ಲಿ ಉಳಿಸುವ ಅಭ್ಯಾಸ ಇರಲಿ; ಮೂರು ಸ್ಲಾಟ್ ಸರದಿಯಲ್ಲಿ ಬಳಸಿದರೆ ಸಾಕು. ಸೇವ್ ಆಗುವ ಗುರುತು ತಿರುಗುತ್ತಿರುವಾಗಲೇ ಕರೆಂಟ್ ಹೋದರೆ ಆ ಫೈಲ್ ಕೆಡಬಹುದು, ಆಗ ಉಳಿದೆರಡು ಕಾಯುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಆಡುವುದು ನಮ್ಮ ಕಡೆ ಜೂಜೇ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿ ಸೇರಿದರೂ ಕೆಲವು ನಿಮಿಷ ತಡೆಯುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪಿಸಿಗೆ ಅದು ಸಾಲದು, ಭಾರ ಬಿದ್ದ ಕ್ಷಣಕ್ಕೇ ಆರಿಹೋಗುತ್ತದೆ. 1000 ವಿಎ ಅಥವಾ ಮೇಲಿನದು ನೋಡಿ. ಸಿಕ್ಕ ನಿಮಿಷಗಳಲ್ಲಿ ದೃಶ್ಯ ಮುಗಿಸಿ, ಸೇವ್ ಮಾಡಿ, ಇಳಿಯಿರಿ.

ಮನೆಯಲ್ಲಿ ಒಂದೇ ಪಿಸಿ. ಅಣ್ಣ ನನಗಿಂತ ಮುಂದಿದ್ದಾನೆ.

"ಕಂಟಿನ್ಯೂ" ಒತ್ತಬೇಡಿ. ಅದು ಕೊನೆಗೆ ಉಳಿಸಿದವನ ಆಟವನ್ನು ತೆರೆಯುತ್ತದೆ, ಅಂದರೆ ಅಣ್ಣನದ್ದನ್ನು. ಲೋಡ್ ಪಟ್ಟಿಯಲ್ಲೂ ಅವನ ಸೇವ್‌ನ ಚಿತ್ರ, ಅಧ್ಯಾಯದ ಹೆಸರು ಕಾಣುತ್ತವೆ. ಪಿಎಸ್5, ಎಕ್ಸ್‌ಬಾಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಖಾತೆ ಮಾಡಿದರೆ ಸೇವ್ ಪೂರ್ತಿ ಬೇರೆಯಾಗುತ್ತದೆ. ಪಿಸಿಯಲ್ಲಿ ವಿಂಡೋಸ್ ಖಾತೆ ಬೇರೆ ಮಾಡಿದರೆ ಹೆಚ್ಚಿನ ಆಟಗಳಿಗೆ ನಡೆಯುತ್ತದೆ. ಅಣ್ಣನಿಗೆ ಇಯರ್‌ಫೋನ್ ಹಾಕಿಸಿ. ಜಗಲಿಯಲ್ಲಿ ಕೂತವರಿಗೂ ಸಂಭಾಷಣೆ ಕೇಳುತ್ತದೆ.

ರೆಡ್ ಡೆಡ್‌ನ ಮೊದಲ ಭಾಗ ಮೊದಲು ಆಡಲೋ, ಎರಡನೆಯದೋ?

ಮೊದಲ ಆಟ 2010ರದ್ದು, ಕಥೆ ನಡೆಯುವುದು 1911ರಲ್ಲಿ. ಎರಡನೆಯದು 2018ರದ್ದು, ಕಥೆ 1899ರದ್ದು. ಮೊದಲನೆಯದನ್ನು ಆಡಿದರೆ ಎರಡನೆಯದರ ದರೋಡೆಕೋರ ಗುಂಪಿನಲ್ಲಿ ಯಾರು ಉಳಿಯುತ್ತಾರೆ ಎಂಬುದರ ಒಂದು ಪಾಲು ತಾನೇ ಗೊತ್ತಾಗುತ್ತದೆ. ಹೊಸಬರಿಗೆ ನಮ್ಮ ಸಲಹೆ ಎರಡನೆಯದರಿಂದಲೇ ಶುರುಮಾಡಿ ಎಂದು. ಹಳೆಯದು ಪಿಸಿಗೆ ಬಂದದ್ದೇ 2024ರ ಅಕ್ಟೋಬರ್‌ನಲ್ಲಿ. ಆದರೆ ಹಿಂದಿನದನ್ನು ಆಡಿ ಬಂದವರಿಗೆ ಎರಡನೆಯದರ ಉಪಸಂಹಾರ ತಟ್ಟುವ ರೀತಿಯೇ ಬೇರೆ, ಅದನ್ನು ಸ್ಪಾಯ್ಲರ್ ಎಂದು ಕರೆಯಲಾಗದು. ಬೇರೆ ಸರಣಿಗಳಿಗೆ ಸಂಶಯ ಬಂದಾಗ ಬಿಡುಗಡೆಯ ಕ್ರಮವೇ ಕ್ಷೇಮ.

ಮಗನಿಗೆ ಆಟ ಕೊಡಿಸಬೇಕು. ಅದರಲ್ಲಿ ಏನಿದೆ ಎಂದು ಪಾಲಕರು ನೋಡುವುದು ಹೇಗೆ?

ಆಟಗಳಿಗೆ ವಯಸ್ಸಿನ ಗುರುತು ಕೊಡುವ ಅಮೆರಿಕದ ಇಎಸ್‌ಆರ್‌ಬಿ ಸಂಸ್ಥೆಯ ಜಾಲತಾಣದಲ್ಲಿ ಆಟದ ಹೆಸರು ಹಾಕಿದರೆ ವಯಸ್ಸಿನ ಗುರುತಿನ ಜೊತೆಗೆ ಒಂದು ಪ್ಯಾರಾ ಇರುತ್ತದೆ: ಯಾವ ಬಗೆಯ ಹಿಂಸೆ, ಮಾತು, ದೃಶ್ಯ ಎಂದು. ಉದಾಹರಣೆಗೆ ದೃಶ್ಯಗಳನ್ನೇ ವಿವರಿಸುವುದುಂಟು, ಆದ್ದರಿಂದ ಅಪ್ಪ ಅಮ್ಮ ಓದಿ, ಮಗನಿಗೆ ಓದಿ ಹೇಳಬೇಡಿ. ರೆಡ್ ಡೆಡ್ 2 ಅಲ್ಲಿ 17 ತುಂಬಿದವರಿಗೆ, ಯುರೋಪಿನ ಪಿಇಜಿಐ ಪ್ರಕಾರ 18. ಹತ್ತನೆಯ ಕ್ಲಾಸಿನ ಹುಡುಗನಿಗೆ "ಎಲ್ಲರೂ ಆಡ್ತಾರೆ" ಎಂಬುದು ಉತ್ತರವಲ್ಲ. ಸ್ಟೀಮ್‌ನಲ್ಲಿ ಕೊಂಡ ಮೇಲೆ ಬೇಡವೆನಿಸಿದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸು ಕೇಳಬಹುದು.

ನಾನು ಲೈವ್ ಸ್ಟ್ರೀಮ್ ಮಾಡುತ್ತೇನೆ. ಚಾಟ್‌ನಲ್ಲಿ ಕಥೆ ಹೇಳಿಬಿಡುತ್ತಾರೆ.

ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಸಮುದಾಯ ವಿಭಾಗದೊಳಗೆ ತಡೆಹಿಡಿದ ಪದಗಳ ಪಟ್ಟಿ ಇದೆ. ಮೇಲೆ ಮ್ಯೂಟ್‌ಗೆ ಹೇಳಿದ ಹೆಸರುಗಳ ಉಪಾಯ ಇಲ್ಲಿ ಕೂಡದು, ಹೆಸರು ಹಾಕಿದರೆ ಆಟದ ಬಗ್ಗೆ ಯಾರೂ ಏನೂ ಬರೆಯಲಾರರು. ಇಲ್ಲಿ ಬೇಕಾದದ್ದು ಸಾವು, ಮೋಸ, ಕೊನೆ ಎಂಬ ಅರ್ಥದ ಪದಗಳು, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಕನ್ನಡದಲ್ಲೂ. ಆ ಪಟ್ಟಿಯನ್ನು ನೀವು ತುಂಬಬೇಡಿ. ಆಡಿ ಮುಗಿಸಿದ ಗೆಳೆಯನನ್ನು ಮಾಡರೇಟರ್ ಮಾಡಿ, ಅವನೇ ನೋಡಿಕೊಳ್ಳಲಿ. ಸ್ಲೋ ಮೋಡ್ (ಒಬ್ಬರೇ ಬೇಗ ಬೇಗ ಬರೆಯದಂತೆ ತಡೆಯುವ ಆಯ್ಕೆ) ಹಾಕಿದರೆ ಅವನಿಗೆ ಅಳಿಸಲು ಸಮಯ ಸಿಗುತ್ತದೆ. ನೋಡುವವರ ಬಗ್ಗೆಯೂ ಯೋಚಿಸಿ: ಶೀರ್ಷಿಕೆಯಲ್ಲಿ ಅಧ್ಯಾಯದ ಸಂಖ್ಯೆ ಇರಲಿ, ಹೆಸರು ಬೇಡ, ಥಂಬ್‌ನೇಲ್‌ಗೆ ಮೊದಲ ಗಂಟೆಯ ಚಿತ್ರ ಸಾಕು.

ಈಗಾಗಲೇ ಗೊತ್ತಾಗಿಹೋಯಿತು. ಇನ್ನು ಆಡಿ ಪ್ರಯೋಜನ ಉಂಟಾ?

ಮೊದಲನೆಯದಾಗಿ, ನಿಜವೇ ಎಂದು ಖಚಿತಪಡಿಸಿಕೊಳ್ಳಲು ಹುಡುಕಬೇಡಿ. ಕಾಮೆಂಟ್‌ನಲ್ಲಿ ಬೇಕೆಂದೇ ಸುಳ್ಳು ಬರೆಯುವವರು ಬಹಳ. ಈಗ ನಿಮ್ಮ ಬಳಿ ಇರುವುದು ಒಂದು ಸುದ್ದಿ ಮಾತ್ರ, ಹುಡುಕಿದರೆ ಅದು ಖಾತ್ರಿಯಾಗುತ್ತದೆ, ಜೊತೆಗೆ ಇನ್ನೂ ಎರಡು ಸಿಗುತ್ತವೆ. ಎರಡನೆಯದಾಗಿ, ಗೊತ್ತಾದದ್ದು ಯಾವ ಬಗೆಯದು ನೋಡಿ. ಕಥೆಯ ಘಟನೆಯಾದರೆ ಆಡಿ: ಅದು ಯಾವಾಗ, ಯಾಕೆ, ಯಾರ ಕೈಯಿಂದ ಎಂಬುದು ಇನ್ನೂ ನಿಮಗೆ ಗೊತ್ತಿಲ್ಲ. ಆಯ್ಕೆಯ ಫಲವಾದರೆ, ನಿಮಗೆ ಸರಿ ಕಂಡದ್ದನ್ನೇ ಆರಿಸಿ; ಒಳ್ಳೆಯ ಕೊನೆಗಾಗಿ ಲೆಕ್ಕ ಹಾಕಿ ಆಡಿದರೆ ಉಳಿದ ಆಟವೂ ಲೆಕ್ಕವೇ ಆಗುತ್ತದೆ. ಒಗಟಿನ ಉತ್ತರವಾದರೆ ಮಾತ್ರ ಐದಾರು ತಿಂಗಳು ಬದಿಗಿಟ್ಟು ಬೇರೆ ಆಟ ಆಡಿ. ವಿವರ ಮರೆತುಹೋಗುತ್ತದೆ.

ಆಡುತ್ತಿರುವ ಗೆಳೆಯನೇ "ಮುಂದೆ ಎಂಥ ಆಗ್ತದೆ ಹೇಳು ಮಾರಾಯಾ" ಅಂತ ಕಾಡಿದರೆ?

ಒಮ್ಮೆ ಕೇಳಿದ್ದಕ್ಕೆ ಹೇಳಬೇಡಿ. ಹೆಚ್ಚಿನವರು ಕೇಳುವುದು ಕಥೆಗಲ್ಲ, ಬೇಜಾರಿಗೆ: ಆಟ ಒಂದು ಕಡೆ ಎಳೆಯುತ್ತಿದೆ, ಇನ್ನೆಷ್ಟು ದೂರ ಎಂದು ತಿಳಿಯಬೇಕಾಗಿದೆ. "ಈ ಅಧ್ಯಾಯ ಇನ್ನು ಎರಡು ಗಂಟೆ, ಆಮೇಲೆ ವೇಗ ಹಿಡಿಯುತ್ತದೆ" ಎಂದರೆ ಸಾಕಾಗುತ್ತದೆ. ಆದರೂ ಬಿಡದಿದ್ದರೆ "ಪೂರ್ತಿ ಹೇಳಲೋ, ಈ ಮಿಶನ್‌ನದ್ದು ಮಾತ್ರವೋ?" ಎಂದು ಕೇಳಿ, ಅವನು ಹೇಳಿದಷ್ಟನ್ನೇ ಹೇಳಿ. ಇದನ್ನು ಗುಂಪಿನಲ್ಲಿ ಮಾಡಬೇಡಿ, ಅವನಿಗೆ ಫೋನ್ ಮಾಡಿ.